ಗೊರಗೊರ ನಿಂಗಮ್ಮನ ಪ್ಲೇಟು

ಗ್ರಾಮಫೋನ್ ಪ್ಲೇಟಿಗೆ ಅರಿಶಿನ ಕುಂಕುಮ ಹಚ್ಚಿದ್ದನ್ನು ನೀವೆಲ್ಲಾದರೂ ನೋಡಿದ್ದೀರಾ?

ನಾನು ನೋಡಿದೆ. ಮೂರು ವಾರದ ಹಿಂದೆ, ಭಾನುವಾರ ಬೆಳಿಗ್ಗೆ, ಪಾಂಡವಪುರದ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ. ಹಳೇ ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಚಿಕ್ಕ ಪ್ಲೇಟು. ಕಪ್ಪು ಬಣ್ಣ ಎಲ್ಲಿದೆ ಅಂತ ಹುಡುಕಬೇಕಿತ್ತು. ನಾಲ್ಕು ಕಡೆ ಕುಂಕುಮ, ನಡುನಡುವೆ ಅರಿಶಿನ, ಅದರ ಮೇಲೆ ಎಣ್ಣೆ ಜಿಡ್ಡು, ಜಿಡ್ಡಿನ ಮೇಲೆ ವರ್ಷಗಳ ಧೂಳು.

ಟೇಬಲ್ಲಿನ ಆ ಕಡೆ ನಿಂತಿದ್ದವರು ನಿಂಗಮ್ಮ. ದೇವಲಾಪುರದವರು. ಅರವತ್ತೈದರ ಆಸುಪಾಸು. ಬಳೆ ಇಲ್ಲದ ಕೈ, ಅದರಲ್ಲೊಂದು ವೈರ್ ಬುಟ್ಟಿ. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಅದಕ್ಕೆ ಮುಂಚೆ ಅವರನ್ನು ನಾನು ಕಂಡೇ ಇರಲಿಲ್ಲ.

"ಪ್ಲೇಟು ತೊಳ್ಯೋ ಮೇಷ್ಟ್ರು ನೀವೇಯಾ?" ಅಂದರು.

(ಕಾಲೇಜಿನಲ್ಲಿ ಇಪ್ಪತ್ತು ವರ್ಷ ಎಕನಾಮಿಕ್ಸ್ ಪಾಠ ಮಾಡಿದವನಿಗೆ ಕೊನೆಗೆ ಸಿಕ್ಕ ಬಿರುದು ನೋಡಿ.)

ತಪ್ಪು ನನ್ನದೇ. ಹೋದ ತಿಂಗಳು ಇದೇ ಅಂಕಣದಲ್ಲಿ ಪ್ಲೇಟು ತೊಳೆಯುವ ವಿದ್ಯೆಯ ಬಗ್ಗೆ ಬರೆದು ಕೊಚ್ಚಿಕೊಂಡಿದ್ದೆನಲ್ಲ? ಊರಿಗೆ ಊರೇ ಕ್ಯಾಸೆಟ್ಟಿನ ಹಿಂದೆ ಬಿದ್ದು ಪ್ಲೇಟುಗಳನ್ನು ಹಳೇ ಪೇಪರಿನವನಿಗೆ ಹಾಕುತ್ತಿರುವಾಗ, ನಾನು ಹುಡುಕಿ ಹುಡುಕಿ ತಂದು ಸ್ನಾನ ಮಾಡಿಸುತ್ತೇನೆ ಅಂತ. ಉಗುರು ಬೆಚ್ಚಗಿನ ನೀರು. ಎರಡು ಹನಿ ಶಾಂಪೂ. ನಡುವಿನ ಚೀಟಿ ನೆನೆಯದ ಹಾಗೆ ಅದರ ಮೇಲೊಂದು ಡಬ್ಬಿ ಮುಚ್ಚಳ. ಮೆತ್ತನೆ ಬ್ರಷ್ಷನ್ನು ಗೆರೆ ಹೋದ ದಾರಿಯಲ್ಲೇ ಸುತ್ತಿಸಬೇಕು, ಅಡ್ಡ ಉಜ್ಜಬಾರದು. ಆಮೇಲೆ ಹಳೇ ಮಲ್ ಪಂಚೆಯಲ್ಲಿ ಒತ್ತಿ ನೆರಳಲ್ಲಿ ಒಣಗಿಸಬೇಕು. ನನ್ನ ಹೆಂಡತಿ ಸಾವಿತ್ರಿ "ನನ್ನ ತಲೆಗೂದಲಿಗೂ ಇಷ್ಟು ಉಪಚಾರ ಇಲ್ಲ" ಅಂದದ್ದನ್ನೂ ಬರೆದಿದ್ದೆ.

ಅವಳು ಕೇಳಿದ ಇನ್ನೊಂದು ಪ್ರಶ್ನೆಯನ್ನು ಬರೆದಿರಲಿಲ್ಲ. "ತೊಳೆಯೋದೇನೋ ಸರಿ, ಹಾಕೋದು ಯಾವಾಗ?" ಮುಳ್ಳು ತಾಗಿದಷ್ಟೂ ಗೆರೆ ಸವೆಯುತ್ತದೆ ಕಣೇ, ನಿನಗೆ ಗೊತ್ತಾಗಲ್ಲ ಸುಮ್ಮನಿರು, ಅಂದಿದ್ದೆ.

ಆ ಬರಹವನ್ನು ದೇವಲಾಪುರದ ಹಾಲಿನ ಡೈರಿಯ ಸೆಕ್ರೆಟರಿ, ಹಾಲು ಹಾಕಲು ನಿಂತವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ್ದನಂತೆ. ಸಾಲಿನಲ್ಲಿ ಕ್ಯಾನು ಹಿಡಿದು ನಿಂಗಮ್ಮ ನಿಂತಿದ್ದರು.

ಕಾಫಿ ಕೊಟ್ಟು ಕೂರಿಸಿದೆವು. ಅವರು ಪ್ಲೇಟಿನ ಕಥೆ ಹೇಳಿದರು.

"ನಾವು ಐದ್ ಜನ ಹೆಂಗಸ್ರು ಸೋಬಾನೆ ಏಳ್ತಿದ್ವಿ ಮೇಷ್ಟ್ರೇ. ಬೆಂಗ್ಳೂರೋರು ಯಾರೋ ಮದ್ವೇಲಿ ಕೇಳ್ಬುಟ್ಟು, ವ್ಯಾನಲ್ಲಿ ಕೂರುಸ್ಕಂಡೋದ್ರು. ಒಂದ್ ರೂಮು. ಗೋಡೆಗೆಲ್ಲಾ ಗೋಣಿತಾಟು ಬಡ್ದಿದ್ರು. ಕೆಮ್ಮಬ್ಯಾಡಿ ಅಂದ್ರು, ಸರಿ. ಬಳೆ ಸದ್ದು ಮಾಡ್ತವೆ ಬಿಚ್ಚಿ ಅಂದ್ರು. ಮದ್ವೆ ಪದ ಏಳಕ್ ಬಂದ ಮುತ್ತೈದೇರು ಬಳೆ ಬಿಚ್ತಾರಾ? ಕೈಗೆ ಸೆರಗು ಸುತ್ಕಂಡು ಏಳ್ದೋ. ನಂದೇ ಮುಂದಿನ ದನಿ."

ಆರು ತಿಂಗಳಾದ ಮೇಲೆ ಪೋಸ್ಟಿನಲ್ಲಿ ಪ್ಲೇಟು ಬಂತು. ಮನೆಗೆ ಬಂದ ಹೊಸ ಪದಾರ್ಥಕ್ಕೆ ನಮ್ಮ ಕಡೆ ಮೊದಲು ಏನು ಮಾಡುತ್ತೇವೆ? ಟ್ರಾಕ್ಟರಿಗೆ ಮಾಡುತ್ತೇವೆ, ಹೊಲಿಗೆ ಮಿಷನ್ನಿಗೆ ಮಾಡುತ್ತೇವೆ. ಪ್ಲೇಟಿಗೂ ಮಾಡಿದರು. ಕಪ್ಪಗೆ ಮಿರುಗಲಿ ಅಂತ ಕೊಬ್ಬರಿ ಎಣ್ಣೆ ಸವರಿ, ಅರಿಶಿನ ಕುಂಕುಮ ಇಟ್ಟು, ಆರತಿ ಎತ್ತಿದರು.

"ಯಾವ್ ಕಡೀಕೆ?" ಅಂತ ಕೇಳಿದೆ, ಒಂದು ಆಸೆಯಿಂದ.

"ಮುಖ ಯಾವ್ದು, ಬೆನ್ನು ಯಾವ್ದು ಅಂತ ನಮ್ಗೇನ್ ಗೊತ್ತು? ಎಲ್ಡ್ ಕಡೀಕೂ ಹಚ್ದೋ."

ಅದೇ ವಾರ ಊರಲ್ಲೊಂದು ಮದುವೆ. ಮೈಕ್ ಸೆಟ್ಟಿನ ಜವರಪ್ಪ ಚಪ್ಪರದಲ್ಲಿ ಎಲ್ಲರನ್ನೂ ಸುಮ್ಮನಿರಿಸಿ, ಈಗ ನಮ್ಮ ನಿಂಗಮ್ಮನ ಪದ ಅಂತ ಕೂಗಿ, ಮುಳ್ಳು ಇಳಿಸಿದ. ಹಾರ್ನಿನಿಂದ ಬಂದದ್ದು ಒಂದೇ ಸದ್ದು. ಗೊರ ಗೊರ ಗೊರ. ತಿರುಗಿಸಿ ಹಾಕಿದ. ಅದೇ. ಚಪ್ಪರದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. "ನಿಂಗಮ್ನ ದನಿ ಬೆಂಗ್ಳೂರ್ಗೋಗಿ ಕೆಟ್ಟೋಯ್ತು ಕಣ್ರಲಾ" ಅಂತ ಜವರಪ್ಪ ಮೈಕಿನಲ್ಲೇ ಹೇಳಿದ. ಅವತ್ತಿಂದ ಅವರು ಗೊರಗೊರ ನಿಂಗಮ್ಮ. ಅವತ್ತಿಂದ ಅವರು ಸೋಬಾನೆಗೆ ಹೋಗಿಲ್ಲ. ಪ್ಲೇಟು ಮಾತ್ರ ದೇವರ ಮನೆಯಲ್ಲಿ ವರ್ಷಕ್ಕೊಂದು ಸಲ, ಆಯುಧ ಪೂಜೆಯ ದಿನ, ಮತ್ತಷ್ಟು ಕುಂಕುಮ ಇಡಿಸಿಕೊಳ್ಳುತ್ತಾ ಕೂತಿತ್ತು. ಇಪ್ಪತ್ತು ವರ್ಷದ ಮೇಲಾಯಿತಂತೆ.

"ಊರೋರು ಏನಾರ ಅನ್ಕಳ್ಳಿ ಬುಡಿ," ಅಂದರು ನಿಂಗಮ್ಮ. "ಈಗೀಗ ನಂಗೇ ಅನ್ಮಾನ ಬಂದ್ಬುಟ್ಟದೆ. ಅದ್ರಲ್ಲಿ ನನ್ ದನಿ ಅದಾ ಇಲ್ವಾ? ಇಲ್ದಿದ್ರೆ ಇಲ್ಲ ಅಂದ್ಬುಡಿ."

ಪ್ಲೇಟು ಬಿಟ್ಟು, ಮುಂದಿನ ಭಾನುವಾರ ಬರುತ್ತೇನೆ ಅಂತ ಹೇಳಿ ಹೋದರು.

ನಾನು ಪಂಚೆ ಎತ್ತಿ ಕಟ್ಟಿದೆ. ಬೆಚ್ಚಗಿನ ನೀರು, ಶಾಂಪೂ, ಬ್ರಷ್ಷು. ಎಣ್ಣೆ ಹೋಯಿತು. ನೀರು ಕೆಂಪಗಾಯಿತು. ಮತ್ತೆ ತೊಳೆದೆ, ಮತ್ತೆ ಕೆಂಪು. ಐದು ಸಲ ಆದ ಮೇಲೆ ನೀರು ತಿಳಿಯಾಯಿತು, ಗೆದ್ದೆ ಅಂದುಕೊಂಡೆ. ಒಣಗಿಸಿ ಪ್ಲೇಯರಿಗೆ ಹಾಕಿದೆ.

ಗೊರ ಗೊರ ಗೊರ.

ಭೂತಗನ್ನಡಿ ಹಿಡಿದು ನೋಡಿದರೆ ಗೆರೆಗಳ ತಳದಲ್ಲಿ ಕುಂಕುಮ ಗಾರೆಯ ಹಾಗೆ ಕೂತಿದೆ. ಯಾವ ಬ್ರಷ್ಷಿನ ಕೂದಲೂ ಅಷ್ಟು ಸಣ್ಣ ಇಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಬರಬೇಕು? ಭಕ್ತಿಯ ಮೇಲೆ ಬಂತು. ನಮ್ಮ ಜನ ಪ್ರೀತಿಯಿಂದ ಹಾಳು ಮಾಡಿದಷ್ಟನ್ನು ಶತ್ರುವೂ ಮಾಡಲಾರ ಅಂತ ಸಾವಿತ್ರಿಯ ಮುಂದೆ ಭಾಷಣ ಬಿಗಿದೆ. ಅವಳು ನನ್ನ ಪ್ಲೇಟುಗಳ ಸಾಲನ್ನೊಮ್ಮೆ ನೋಡಿ ಒಳಗೆ ಹೋದಳು.

ಸೋಮವಾರ ಶ್ರೀರಂಗಪಟ್ಟಣಕ್ಕೆ ಹೋಗಬೇಕಾಗಿತ್ತು. ಅಲ್ಲಿ ಗಂಜಾಂನ ಅನ್ವರ್ ಸಾಬ್ರು ನನ್ನ ಪ್ಲೇಟುಗಳಿಗೆ ಒಂದು ಬೀರು ಮಾಡುತ್ತಿದ್ದಾರೆ. ಗಾಜಿನ ಬಾಗಿಲು, ಅದಕ್ಕೊಂದು ಬೀಗ. ತಂದೆಯ ಕಾಲದಿಂದ ಮರಗೆಲಸ. ನಾನು ಹೋದಾಗ ಸಾಬ್ರು ಸ್ಟೂಲಿನ ಮೇಲೆ ಕೂತು, ಕೈಗೆ ಮೆತ್ತಿ ಒಣಗಿದ್ದ, ಮರ ಅಂಟಿಸುವ ಬಿಳಿ ಗಮ್ಮನ್ನು ಉಗುರಿನಿಂದ ಎಬ್ಬಿಸಿ ಸುಲಿಯುತ್ತಿದ್ದರು.

"ಮುಖ ಯಾಕ್ ಸಾರ್ ಹಿಂಗ್ ಮಾಡ್ಕಂಡಿದ್ದೀರಿ?" ಅಂದರು. ಪ್ಲೇಟಿನ ಕಥೆಯೆಲ್ಲ ಹೇಳಿದೆ. ಅವರು ಬೆರಳಿನಿಂದ ಸುಲಿದ ಒಂದು ಚೂರನ್ನು ನನ್ನ ಅಂಗೈ ಮೇಲಿಟ್ಟರು. ತೆಳ್ಳಗಿನ ಪೊರೆ. ಬೆಳಕಿಗೆ ಹಿಡಿದು ನೋಡಿದೆ. ಅದರಲ್ಲಿ ಅವರ ಬೆರಳಿನ ಗೆರೆ ಒಂದೂ ಬಿಡದೆ ಮೂಡಿತ್ತು. ಗೆರೆಯ ಸಂದಿಯಲ್ಲಿದ್ದ ಮರದ ಪುಡಿ, ಕೊಳೆ, ಎಲ್ಲ ಅದಕ್ಕೇ ಅಂಟಿ ಬಂದಿತ್ತು.

"ಕೈ ಗೆರೆ ಒಳಗಿಂದು ಬರ್ತದೆ. ಪ್ಲೇಟ್ ಗೆರೆ ಒಳಗಿಂದು ಬರಲ್ವಾ?"

ನಾನು ರೇಗಿದೆ. ಪ್ಲೇಟಿಗೆ ಗಮ್ಮು ಬಳಿಯೋದೂ ಒಂದೇ, ರೇಷ್ಮೆ ಸೀರೆಗೆ ಡಾಂಬರು ಬಳಿಯೋದೂ ಒಂದೇ ಅಂದೆ. ಒಂದು ಚೂರು ಒಳಗೆ ಹರಿದು ಉಳಿದರೆ ಆ ಹೆಂಗಸಿನ ದನಿ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ, ಗೊತ್ತಾ ಅಂದೆ.

"ಫಿಕರ್ ಬ್ಯಾಡ ಸಾರ್. ನಿಮ್ ಮನೇಲಿ ಕೆಲ್ಸಕ್ಕೆ ಬಾರದ ಪ್ಲೇಟು ಒಂದು ತನ್ನಿ. ಅದಕ್ಕೆ ಹಾಕಣ. ನಂಬ್ಕೆ ಬಂದ್ರೆ ಅಮ್ಮೋರ್ದು ಕೊಡಿ."

ಮರುದಿನವೇ ಗೀರು ಬಿದ್ದ ಪ್ಲೇಟೊಂದನ್ನು ಒಯ್ದು ಕೊಟ್ಟೆ. ಗುರುವಾರ ಹೋದರೆ ಕಣ್ಣ ಮುಂದೆಯೇ ಸುಲಿದು ತೋರಿಸಿದರು. ಒಂದೇ ಪೊರೆ, ಎಲ್ಲೂ ಹರಿಯಲಿಲ್ಲ. ಗುಟ್ಟು ಇಷ್ಟೇ: ಗಮ್ಮು ದಪ್ಪಗಿರಬೇಕು. ತೆಳ್ಳಗಾದರೆ ಹರಿಯುತ್ತದೆ. ನಡುವಿನ ಚೀಟಿಗೆ ತಾಗಬಾರದು. ಬಿಳುಪು ಪೂರ್ತಿ ಹೋಗಿ ನೀರಿನಂತೆ ತಿಳಿಯಾಗುವವರೆಗೆ ಮುಟ್ಟಬಾರದು. (ಇದನ್ನು ಓದಿ ನೀವು ಇವತ್ತೇ ಶುರು ಹಚ್ಚಿಕೊಳ್ಳಬೇಡಿ. ಮೊದಲು ಬೇಡದ ಪ್ಲೇಟಿನ ಮೇಲೆ ಕೈ ಪಳಗಿಸಿಕೊಳ್ಳಿ.) ಬ್ಯಾಗಿನಿಂದ ನಿಂಗಮ್ಮನ ಪ್ಲೇಟು ತೆಗೆದು ಕೊಟ್ಟೆ. ಆಮೇಲೆ ಎರಡು ದಿನ ಕ್ಲಾಸಿನಲ್ಲಿ ಬೇಡಿಕೆ ಪೂರೈಕೆ ಹೇಳುವಾಗಲೂ ನನಗೆ ಗಮ್ಮಿನದೇ ಯೋಚನೆ.

ಭಾನುವಾರ ನಿಂಗಮ್ಮ ಬುಟ್ಟಿ ತುಂಬ ಅವರೆಕಾಯಿ ತಂದರು. ಹಿಂದೆಯೇ ಅನ್ವರ್ ಸಾಬ್ರು ಟೆಂಪೋದಲ್ಲಿ ಬೀರು ತಂದರು. ಬೀರುವನ್ನು ವರಾಂಡದಲ್ಲೇ ಬಿಟ್ಟು, ಬಟ್ಟೆ ಮುಚ್ಚಿದ ಹಲಗೆಯ ಮೇಲೆ ಪ್ಲೇಟನ್ನು ಹಿಡಿದು ಒಳಗೆ ಬಂದರು. ಒಂದು ಮಗ್ಗುಲಿಗೆ ಮಾತ್ರ ಗಮ್ಮು ಹಾಕಿದ್ದರು. ಕಿಟಕಿಯ ಹತ್ತಿರ ಕೂತು, ಅಂಚಿನಲ್ಲಿ ಉಗುರು ಹಾಕಿದರು.

ಸಾವಿತ್ರಿ ಕೈಯಲ್ಲಿದ್ದ ಅವರೆಕಾಯಿ ಹಾಗೇ ಹಿಡಿದು ನಿಂತಿದ್ದಳು. ಸರ್ ಅಂತ ಸಣ್ಣ ಸದ್ದು. ಪೊರೆ ಎದ್ದಿತು. ಸಾಬ್ರು ಆತುರ ಮಾಡಲಿಲ್ಲ. ಸುತ್ತ ಒಂದೊಂದೇ ಬೆರಳು ಅಗಲ ಎಬ್ಬಿಸಿ, ಎರಡೂ ಕೈಯಲ್ಲಿ ಹಿಡಿದು, ಹಾವು ಪೊರೆ ಬಿಟ್ಟ ಹಾಗೆ ಇಡೀ ಪೊರೆಯನ್ನು ಎತ್ತಿದರು. ಕಿಟಕಿಗೆ ಹಿಡಿದರು.

ಏನು ಹೇಳಲಿ? ಅಷ್ಟೂ ಗೆರೆ ಅದರಲ್ಲಿತ್ತು. ಪ್ರತಿ ಗೆರೆಯಲ್ಲೂ ಕೆಂಪು. ಇಪ್ಪತ್ತು ವರ್ಷದ ಕುಂಕುಮ ಕೂದಲೆಳೆಗಿಂತ ಸಣ್ಣ ಸಾಲಿನಲ್ಲಿ ಸುತ್ತು ಸುತ್ತಿ ನಿಂತಿತ್ತು, ಅದರ ಮೇಲೆ ಬಿಸಿಲು ಬಿದ್ದು ಕಾಮನಬಿಲ್ಲು ಆಡುತ್ತಿತ್ತು. ಮುನ್ನೂರು ಪ್ಲೇಟು ತೊಳೆದ ನಾನು ಹಾಡಿನ ಗೆರೆಯನ್ನು ಅದುವರೆಗೆ ನೋಡಿಯೇ ಇರಲಿಲ್ಲ ಅನ್ನಿಸಿತು.

"ನೀವು ಮೊದ್ಲು ಎಣ್ಣೆ ತೆಗ್ದಿದ್ರಲ್ಲ ಸಾರ್, ಅದಕ್ಕೇ ಹಿಡೀತು," ಅಂದರು ಸಾಬ್ರು. ದೊಡ್ಡ ಮನಸ್ಸು.

ಪ್ಲೇಯರಿಗೆ ಹಾಕಿ ಮುಳ್ಳು ಇಳಿಸಿದೆ. ನಿಂಗಮ್ಮ ನೆಲದ ಮೇಲೆ ಕೂತು ಗೋಡೆ ನೋಡುತ್ತಿದ್ದರು. ಚಟಪಟ ಅಂತ ಸ್ವಲ್ಪ ಸದ್ದು. ಇಷ್ಟೇನಾ ಅನ್ನುವಷ್ಟರಲ್ಲಿ ದನಿ ಬಂತು.

ಒಂದೇ ಹೆಣ್ಣು ದನಿ, ವಾದ್ಯ ಇಲ್ಲ, ತಾಳ ಇಲ್ಲ. ಹಿಂದೆ ನಾಲ್ಕು ದನಿ ಅದನ್ನು ಎತ್ತಿಕೊಂಡವು. ಹಸೆಮಣೆಗೆ ಹೆಣ್ಣನ್ನು ಕರೆಯುವ ಪದ. ಅಷ್ಟು ತುಂಬಿದ, ಅಷ್ಟು ನಿರಾಳವಾದ ದನಿಯನ್ನು ನಾನು ದುಡ್ಡು ಕೊಟ್ಟು ತಂದ ಯಾವ ಪ್ಲೇಟಿನಲ್ಲೂ ಕೇಳಿಲ್ಲ. ನಡುವೆ ಒಂದು ಕಡೆ, ಉಸಿರು ತೆಗೆದುಕೊಳ್ಳುವಾಗ, ಗಿಲ್ ಅಂತ ಸಣ್ಣ ಸದ್ದು ಕೇಳಿತು. ಬಳೆಯದು.

ನಿಂಗಮ್ಮ ತಮ್ಮ ಬರಿಗೈಯನ್ನೇ ಹಿಡಿದುಕೊಂಡರು. "ಅದು ನಂದು," ಅಂದರು. "ಸೆರಗು ಜಾರ್ಬುಡ್ತು."

ಪದ ಮುಗಿಯಿತು. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಅವರ ಕಣ್ಣು ಒಣಗಿತ್ತು. "ಎಲ್ಡ್ನೇ ನುಡೀಲಿ ನಮ್ ಜೊತೇಲಿದ್ದ ಕಾಳಮ್ಮ ಮುಂದುಕ್ ಓಡ್ಬುಟ್ಳು, ಕೇಳುದ್ರಾ?" ಅಂದರು. "ಅವತ್ತೇ ಬಯ್ದಿದ್ದೆ. ಇನ್ನೊಂದ್ಸಲ ಹಾಕಿ."

ಮೂರು ಸಲ ಹಾಕಿದೆ. ಮೂರನೇ ಸಲ ಅವರೂ ಸಣ್ಣಗೆ ಸೇರಿಕೊಂಡರು, ಇವತ್ತಿನ ಒಡಕು ದನಿಯಲ್ಲಿ. ಎಲ್ಲೂ ತಪ್ಪಲಿಲ್ಲ.

ನಿಂಗಮ್ಮ ಹೊರಡುವಾಗ ಹೇಳಿದೆ, ಇನ್ನು ಮೇಲೆ ದಯವಿಟ್ಟು ಇದಕ್ಕೆ ಪೂಜೆ ಮಾಡಬೇಡಿ ಅಂತ. ಅವರು ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದರು. ಕೆಂಪು ಗೆರೆಯ ಪೊರೆಯನ್ನು ಸಾಬ್ರ ಕೈಯಿಂದ ಇಸಿದುಕೊಂಡು, ರವಿಕೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡರು.

"ಪೂಜೆ ಇದುಕ್ ಮಾಡ್ತೀನಿ. ಪ್ಲೇಟು ಹಾಡ್ಕಂಡಿರ್ಲಿ. ನೀವು ಆ ಹಾಡೋ ಪೆಟ್ಗೆ ತಕ್ಕಂಡು ನಮ್ಮೂರ್ಗೆ ಬನ್ನಿ. ಹಾಲಾಕೋ ಹೊತ್ಗೆ ಬನ್ನಿ, ಎಲ್ರೂ ಇರ್ತಾರೆ."

ಹಿಂದಿನ ಮಗ್ಗುಲನ್ನೂ ಸಾಬ್ರು ಮಾಡಿಕೊಟ್ಟ ಮೇಲೆ, ಮೊನ್ನೆ ಗುರುವಾರ ಪ್ಲೇಯರು ಹೊತ್ತುಕೊಂಡು ದೇವಲಾಪುರದ ಡೈರಿಗೆ ಹೋದೆ. ಕ್ಯಾನು ಹಿಡಿದವರೆಲ್ಲ ಸಾಲು ಮರೆತು ನಿಂತು ಕೇಳಿದರು. ಎರಡೂ ಮಗ್ಗುಲು ಮುಗಿದ ಮೇಲೆ ಒಬ್ಬ ಮುದುಕ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ನಿಂಗಮ್ಮನ ಹತ್ತಿರ ಬಂದ. ಅದೇ ಮೈಕ್ ಸೆಟ್ಟಿನ ಜವರಪ್ಪ.

"ಅವತ್ತು ಒರುಸ್ಬುಟ್ಟು ಹಾಕ್ಬೇಕಿತ್ತು ಕಣಕ್ಕ," ಅಂದ.

"ನಾನೂ ಅಷ್ಟು ಬಳೀಬಾರ್ದಿತ್ತು ಬುಡು," ಅಂದರು ನಿಂಗಮ್ಮ. "ನಿನ್ ಮೊಮ್ಮಗಳ ಮದ್ವೆ ಯಾವತ್ತು ಏಳು, ಬತ್ತೀನಿ."

ಮನೆಗೆ ಬಂದೆ. ಸಾವಿತ್ರಿ ಹೊಸ ಬೀರುವಿನಲ್ಲಿ ನನ್ನ ಮುನ್ನೂರು ಪ್ಲೇಟುಗಳನ್ನೂ ಜೋಡಿಸಿ ಮುಗಿಸಿದ್ದಳು. ಒಂದೊಂದೂ ಫಳಫಳ. ಬೀಗದ ಕೈ ಅವಳ ಬೆರಳಲ್ಲಿ ತೂಗುತ್ತಿತ್ತು. "ಇಷ್ಟರಲ್ಲಿ ನಿಮಗೆ ತುಂಬಾ ಇಷ್ಟವಾದ ಹಾಡು ಯಾವುದ್ರೀ, ಇವತ್ತಾದರೂ ಹಾಕಿ ಕೇಳೋಣ," ಅಂದಳು.

ಹೇಳಿ, ಒಂದೊಂದು ಪ್ಲೇಟನ್ನೂ ಇಷ್ಟು ಜೋಪಾನವಾಗಿ ತೊಳೆದಿಟ್ಟವನಿಗೆ ಅವಳ ಪ್ರಶ್ನೆಗೆ ಉತ್ತರ ಏಕೆ ಗೊತ್ತಾಗಲಿಲ್ಲ?