ಗಂಟೆ ಸುಬ್ರಾಯ

ಹೊನ್ನಾವರದ ಹತ್ತಿರದ ನಮ್ಮೂರ ಶಾಲೆಯಲ್ಲಿ ಹೊತ್ತು ಸೂರ್ಯನ ಮಾತು ಕೇಳುತ್ತಿರಲಿಲ್ಲ, ಸುಬ್ರಾಯನ ಮಾತು ಕೇಳುತ್ತಿತ್ತು. ಮಾವಿನ ಕೊಂಬೆಗೆ ತೂಗುಹಾಕಿದ ಕಬ್ಬಿಣದ ತುಂಡಿಗೆ ಅವನು ಸುತ್ತಿಗೆಯಿಂದ ಹೊಡೆದನೆಂದರೆ ಶಾಲೆ ಬಿಟ್ಟಿತೆಂದೇ ಅರ್ಥ.

ಹದಿನೈದು ವರ್ಷದ ಸುಬ್ರಾಯನಿಗೆ ಆರನೇ ಇಯತ್ತೆಯಲ್ಲಿ ಅದು ಮೂರನೇ ವರ್ಷ. ಬಾಯಿಲೆಕ್ಕದಲ್ಲಿ ಮಾಸ್ತರರನ್ನೇ ಮೀರಿಸುತ್ತಿದ್ದ. ಪುಸ್ತಕ ಬಿಚ್ಚಿದರೆ ಮಾತ್ರ ಮುಗಿಯಿತು. "ಅಕ್ಷರ ನಿಂತಲ್ಲಿ ನಿಲ್ಲೂದಿಲ್ವೋ, ಬಲೆಯಲ್ಲಿನ ಸಿಗಡಿ ಹಂಗೆ ಹಾರ್ತವೆ" ಎನ್ನುತ್ತಿದ್ದ. ಆ ಕಾಲದಲ್ಲಿ ಇದಕ್ಕೆ ಎರಡೇ ಔಷಧ: ಅವ್ವ ಕಟ್ಟಿಸಿದ ತಾಯತ, ಮಾಸ್ತರರ ಬೆತ್ತ. ಎರಡೂ ನಾಟಲಿಲ್ಲ, ಬೆತ್ತ ಮಾತ್ರ ಪ್ರಯತ್ನ ಬಿಡಲಿಲ್ಲ.

ಮೂರನೇ ಔಷಧವನ್ನು ಸುಬ್ರಾಯ ತಾನೇ ಕಂಡುಹಿಡಿದ. ದಿನದ ಕೊನೆಯ ಪಾಠ ಓದು. ಮುಂದಿನ ಸಾಲಿನಿಂದ ಒಬ್ಬೊಬ್ಬರೇ ಎದ್ದು ಓದಬೇಕು. ಕಟ್ಟಕಡೆಯವನು ಅವನು, ಅವನಿಗಿಂತ ಮೊದಲು ನಾನು. ನಾನು ಎದ್ದೊಡನೆ ಅವನು ಬಾಗಿಲ ಕಡೆ ಸರಿಯುತ್ತಿದ್ದ. ನಾನು ಮುಗಿಸುವಷ್ಟರಲ್ಲಿ "ಮಾಸ್ತರ್ರೆ, ಗಂಟೆ ಆತು!" ಎಂದು ಹೊರಗೋಡುತ್ತಿದ್ದ. ಶಾಲೆಯ ಗಡಿಯಾರಕ್ಕೆ ಕೀಲಿ ಕೊಟ್ಟು ಮುಳ್ಳು ತಿರುಗಿಸುವವನೂ ಅವನೇ ಆದ್ದರಿಂದ ಗಡಿಯಾರವೂ ಹೌದೆನ್ನುತ್ತಿತ್ತು. ಬೇಗ ಮನೆಗೆ ಹೋಗುವುದು ಮಾಸ್ತರರಿಗೂ ಬೇಡವಾಗಿರಲಿಲ್ಲ.

ಒಂದು ಮಧ್ಯಾಹ್ನ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. "ಕಡೇ ಸಾಲಿಂದ ಓದಿಸಿ. ಜಾಣರನ್ನು ಮುಂದೆ ಕೂರಿಸುವ ಉಪಾಯ ನನಗೂ ಗೊತ್ತು" ಎಂದರು. ಸುಬ್ರಾಯ ಎದ್ದ. ಹುಡುಗರು ಆಗಲೇ ಕಿಸಿಕಿಸಿ ನಗುತ್ತಿದ್ದರು. "ಮಾಸ್ತರ್ರೆ, ಗಂಟೆ ಆತು" ಎಂದವನೇ ಹೋಗಿ ಹೊಡೆದೇಬಿಟ್ಟ. ಶಾಲೆ ಬಿಡಲು ಇನ್ನೂ ಒಂದು ತಾಸಿತ್ತು. ಮಕ್ಕಳೆಲ್ಲ ಪರಾರಿ.

ಸಾಹೇಬರು ಕಿಸೆಯ ಗಡಿಯಾರ ತೆಗೆದರು. ಶಾಲೆಯ ಮಾನ ಹೋಗಬಾರದಲ್ಲ! "ನಮ್ಮ ಗಂಟೆ ಎಂದೂ ತಪ್ಪೂದಿಲ್ಲ ಸಾಹೇಬ್ರೆ. ನಿಮ್ಮ ಗಡಿಯಾರ ಹಿಂದೆ ಬಿದ್ದಿರ್ಬೇಕು" ಎಂದರು ಮಾಸ್ತರರು. ಸಾಹೇಬರು ಖಾಲಿ ಕೋಣೆ ನೋಡಿದರು, ಮುಳ್ಳನ್ನು ಒಂದು ತಾಸು ಮುಂದೆ ತಿರುಗಿಸಿದರು, "ಸಮಯಪಾಲನೆ ಉತ್ತಮ" ಎಂದು ತಪಾಸಣೆ ಪುಸ್ತಕದಲ್ಲಿ ಷರಾ ಬರೆದರು. ಆಮೇಲೆ ಶರಾವತಿಯ ದಂಡೆಗೆ ಹೋಗಿ, ಒಂದು ತಾಸು ತಡಮಾಡಿದೆಯೆಂದು ದೋಣಿಯವನನ್ನು ಬೈದರಂತೆ.

ಮರುದಿನ ಮಾಸ್ತರರು ಸುತ್ತಿಗೆ ಕಸಿದು ಮುಂದಿನ ಸಾಲಿನ ಜಾಣನೊಬ್ಬನಿಗೆ ಕೊಟ್ಟರು. ಓದು ಕಡೇ ಸಾಲಿನಿಂದಲೇ ಶುರುವಾಯಿತು. ಸಾಹೇಬರ ಪದ್ಧತಿ ನೋಡಿ. ಸುಬ್ರಾಯ ಪುಸ್ತಕ ಹಿಡಿದು ಸುಮ್ಮನೆ ನಿಂತ, ಹೊಡೆತ ತಿಂದ. ಪಕ್ಕದಲ್ಲಿ ಕೂತಿದ್ದ ನಾನು ಪಿಸುಮಾತಿನಲ್ಲಿ ಒಂದು ಸಾಲಾದರೂ ಹೇಳಿಕೊಡಬಹುದಿತ್ತು. ಹೇಳಿಕೊಡಲಿಲ್ಲ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಅವನು ಮತ್ತೆ ಶಾಲೆಗೆ ಬರಲಿಲ್ಲ.

ಅವನನ್ನು ಕಡೆಯ ಸಲ ಕಂಡದ್ದು ಶರಾವತಿ ದಾಟುವಾಗ. ನಾನು ಆಗ ಹೊಸ ಮಾಸ್ತರ. ದೋಣಿ ನಡೆಸುವವನು ಸುಬ್ರಾಯ. ನೀರಿನ ಇಳಿತ ನೋಡಿ, "ಹೊತ್ತಾತು, ಹತ್ತಿ" ಎಂದ. ಈ ಸಲ ನಿಜಕ್ಕೂ ಹೊತ್ತಾಗಿತ್ತು.

ನಡುಹೊಳೆಯಲ್ಲಿ ನಗುತ್ತ ಕೇಳಿದ: "ನಿಮ್ ಶಾಲೆಲಿ ಓದ್ಸೂದು ಯಾವ ಸಾಲಿಂದ, ಮಾಸ್ತರ್ರೆ?"

ನಾನೂ ಓದಿಸುತ್ತಿದ್ದುದು ಕಡೇ ಸಾಲಿನಿಂದಲೇ. ದೋಣಿ ಬಾಡಿಗೆಯ ಚಿಲ್ಲರೆ ಎಣಿಸತೊಡಗಿದೆ. ದಡ ಬರುವ ತನಕ ಅವನು ಉತ್ತರಕ್ಕೆ ಕಾದ.