ಕೆಚ್ಚಿದ ಕೈ

೧೯೩೫ರಲ್ಲಿ, ನಾಲ್ಕನೇ ಕ್ಲಾಸಿಗೇ ಓದು ಬಿಟ್ಟು, ದೊಡ್ಡಬಳ್ಳಾಪುರದ ನಮ್ಮ ಮನೆಯ ಮಗ್ಗದ ಗುಂಡಿಗೆ ಇಳಿದೆ. ಹತ್ತು ವರ್ಷ ನನ್ನ ಕೆಲಸದಲ್ಲಿ ಯಾರೂ ಹುಳುಕು ತೆಗೆಯಲಿಲ್ಲ.

ಹೋದ ವರ್ಷ ಸೋಡಾ ಬಾಟಲಿ ಕೈಯಲ್ಲೇ ಸಿಡಿದು ಬಲ ಮಣಿಕಟ್ಟು ಸೀಳಿತು. ಅಪ್ಪ ತೀರಿಕೊಂಡ ಮೇಲೆ ಮನೆಗೆ ಹಿರಿಯನೆಂದರೆ ಅಕ್ಕನ ಗಂಡ. ಆ ಭಾವ ಸೊಪ್ಪು ಅರೆದು ಕಟ್ಟಿದ. "ಆಸ್ಪತ್ರೆ ಯಾಕ್ಲಾ, ಚರ್ಮ ಕೂಡ್ಕೊಂತದೆ" ಅಂದ. ಚರ್ಮವೇನೋ ಕೂಡಿತು.

ಮೂರು ಬೆರಳು ಸತ್ತಿದ್ದವು.

ತಿಂಗಳು ಕಳೆದ ಮೇಲೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿ, ತುಂಡಾಗಿದ್ದ ನರ್ವ್ ಹೊಲಿದರು. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ಹೇಳಿದರು: "ನರ ಬಲು ನಿಧಾನ ಬೆಳೆಯುತ್ತೆ. ದಿನಾ ಕಣ್ಣು ಮುಚ್ಚಿ ವಸ್ತು ಮುಟ್ಟು, ಏನೂಂತ ಹೇಳು. ತಪ್ಪಾದರೆ ನೋಡಿ ಮತ್ತೆ ಮುಟ್ಟು. ಬೆರಳಿಗೆ ಹೊಸದಾಗಿ ಅಕ್ಷರಾಭ್ಯಾಸ ಕಣಪ್ಪಾ."

ಮನೆಗೆ ಬಂದರೆ ನನ್ನ ಮಗ್ಗದಲ್ಲಿ ಭಾವನ ತಮ್ಮ ಕೂತಿದ್ದ. "ನೀನು ಹಾಸು ಕೆಚ್ಚಿದ ದಿನ ಅವನು ಎದ್ದೇಳ್ತಾನೆ" ಅಂದ ಭಾವ. ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳೇ ಹಾಸು; ಮುಗಿದ ಹಳೇ ಹಾಸಿನ ಒಂದೊಂದು ರೇಷ್ಮೆ ಎಳೆಗೂ ಹೊಸ ಎಳೆ ಹೊಸೆದು ಕೂಡಿಸುವುದೇ ಕೆಚ್ಚುವುದು. ಸಾವಿರಾರು ಎಳೆ. ಕಣ್ಣಿನ ಕೆಲಸವಲ್ಲ, ಬೆರಳಿನದು.

ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತು ರಾಗಿ, ಹುರುಳಿ, ರೇಷ್ಮೆ, ನೂಲು ಅಂತ ಮುಟ್ಟುತ್ತಿದ್ದೆ. ಒಂದು ದಿನ ಸುಟ್ಟ ವಾಸನೆ ಬಂತು. ಕಣ್ಣು ಬಿಟ್ಟೆ. ಭಾವ ಉರಿಯುವ ಬೀಡಿಯನ್ನು ನನ್ನ ತೋರುಬೆರಳಿಗೆ ಒತ್ತಿ ಹಿಡಿದಿದ್ದ.

"ಇದೇನೂಂತ ಹೇಳ್ಲಾ, ಪಂಡಿತ!"

ಅವತ್ತಿನಿಂದ ನನ್ನನ್ನು ಸಾಕಿದ್ದು ಅನ್ನವಲ್ಲ, ಹಗೆ. ದಿನಕ್ಕೆ ಎರಡು ಸಲ ಮಾಡುತ್ತಿದ್ದುದನ್ನು ಆರು ಸಲ ಮಾಡಿದೆ. ಅವನ ನಗು ನೆನೆನೆನೆದೇ ಕಾಳು ಬೇರೆ ಮಾಡಿದೆ. ಏಳನೇ ತಿಂಗಳಲ್ಲಿ ಅಕ್ಕ ಬಿಸಿ ಮುದ್ದೆ ಬಡಿಸಿದಳು. ಮುರಿಯಹೋದವನು ಕೈ ಹಿಂದಕ್ಕೆ ಎಳೆದುಕೊಂಡೆ.

"ಅಕ್ಕಾ, ಸುಡ್ತದೆ!"

ಅವಳು ಸೆರಗು ಬಾಯಿಗಿಟ್ಟು ಅತ್ತಳು.

ಇನ್ನೂ ಎರಡು ತಿಂಗಳು ಚಿಂದಿ ಎಳೆಗಳ ಮೇಲೆ ಕೈ ತಿದ್ದಿಕೊಂಡು, ಎಳೆ ಜಾರದಂತೆ ಬೆರಳಿಗೆ ಬೂದಿ ಸವರಿ ಹಾಸಿನ ಮುಂದೆ ಕೂತೆ.

"ಏಳ್ಲಾ, ಎಳೆ ಹಾಳಾಯ್ತವೆ" ಅಂದ ಭಾವ.

"ಪಕ್ಕದಲ್ಲೇ ಕೂತು ಎಳ್ದು ನೋಡಿ ಭಾವ. ಕಳಚಿದ್ರೆ ಮಗ್ಗ ನಿಮ್ ತಮ್ಮಂದೇ."

ನಾಲ್ಕು ದಿನ ಅವನನ್ನು ಏಳಗೊಡಲಿಲ್ಲ.

"ಒಂದು ಬೀಡಿ ಸೇದ್ಬಿಟ್ಟು ಬರ್ತೀನಿ ಕಣೋ."

"ಎಳೆ ಕಳಚಿದ್ರೆ ಯಾರು ನೋಡೋರು? ಕೂತ್ಕೊಳ್ಳಿ."

ಎಳೆದೆಳೆದು ನೋಡಿದ. ಒಂದೂ ಕಳಚಲಿಲ್ಲ. ಅವನ ತಮ್ಮ ಎದ್ದು ನನ್ನ ಮಗ್ಗ ಬಿಟ್ಟುಕೊಟ್ಟ. ಭಾವನ ಬಾಯಿಂದ 'ತಪ್ಪಾಯ್ತು' ಅನ್ನೋ ಮಾತು ಬರಲಿಲ್ಲ, ನಾನೂ ಕ್ಷಮಿಸಿಲ್ಲ. ಆ ಡಾಕ್ಟರ ಕೈ ಚೆನ್ನಾಗಿರಲಿ.

ಈಗ ನನಗಿರುವುದಿಷ್ಟು: ಹೆಬ್ಬೆರಳು ಪೂರ್ತಿ, ತೋರುಬೆರಳು ಮುಕ್ಕಾಲು. ನಡುಬೆರಳ ತುದಿಗೆ ಇನ್ನೂ ಜೀವ ಬಂದಿಲ್ಲ. ಮಗ್ಗ ಒಂದು. ಮಾತು ಬಿಟ್ಟ ಭಾವ ಒಬ್ಬ.