ಎಲ್ಲರೆದುರು ಕೇಳಿಸಿದ ಕ್ಷಮೆ

ಇಂಗ್ಲೆಂಡಿನ ಹಳೆಯ ಚರ್ಚ್ ಕೋರ್ಟುಗಳ ಕಾಗದ ಓದುವುದು ನನ್ನ ಸಂಶೋಧನೆ. ನಾನೂರು ವರ್ಷದ ಹಿಂದೆ ಅಲ್ಲಿ ಒಬ್ಬಳು ಇನ್ನೊಬ್ಬಳನ್ನು ನಡತೆಗೆಟ್ಟವಳು ಎಂದರೆ, ಅನ್ನಿಸಿಕೊಂಡವಳು ಈ ಕೋರ್ಟಿಗೆ ದೂರು ಕೊಡಬಹುದಿತ್ತು. ಕೇಳಿಸಿಕೊಂಡ ನೆರೆಹೊರೆಯವರು ಬಂದು ಸಾಕ್ಷಿ ಹೇಳುತ್ತಿದ್ದರು. ತಪ್ಪು ಸಾಬೀತಾದರೆ ಅಂದವಳು ಊರವರೆದುರು ಕ್ಷಮೆ ಕೇಳಬೇಕು, ಕೇಳಿದಳೆಂದು ಪಾದ್ರಿ ಸಹಿ ಹಾಕಿ ಕಳಿಸಬೇಕು. ಅಮೆರಿಕದ ಫೇರ್‌ಫ್ಯಾಕ್ಸ್‌ನ ನಮ್ಮ ಕನ್ನಡದವರ ಗುಂಪಿಗೆ ಅಂಥ ಕೋರ್ಟ್ ಇಲ್ಲ, ವಾಟ್ಸಾಪ್ ಇದೆ.

ಕೋವಿಡ್ ಮುಗಿಯುತ್ತಿದ್ದ ಹಾಗೆ ನನ್ನ ಗಂಡ ನಮ್ಮನ್ನು ಬಿಟ್ಟು ಅಟ್ಲಾಂಟಾ ಕಡೆ ಬೇರೊಬ್ಬಳ ಜೊತೆ ಮನೆ ಮಾಡಿದ. ಪಕ್ಕದ ಬೀದಿಯ ಆಂಟಿ ಕಥೆಯನ್ನು ತಿರುಗಿಸಿದರು: ನಾನೇ ನನ್ನ ಪ್ರೊಫೆಸರ್ ಜೊತೆ ತಿರುಗುತ್ತಿದ್ದೆನಂತೆ, ಪಾಪ ಅವನು ಬೇಸತ್ತು ಹೋದನಂತೆ. ನನ್ನನ್ನು ಕರೆಯುವುದು ನಿಂತಿತು. ಅದು ಹಾಳಾಗಲಿ. ನನ್ನ ಒಂಬತ್ತು ವರ್ಷದ ಮಗಳನ್ನೂ ಬರ್ತ್‌ಡೇಗಳಿಗೆ ಕರೆಯುವುದು ನಿಂತಿತು.

ಆಂಟಿಯ ಕಿಚನ್‌ನಲ್ಲೇ ನಿಂತು ಆ ಮಾತು ಕೇಳಿ ನನಗೆ ವರದಿ ಒಪ್ಪಿಸಿದವಳು ನನ್ನ ಆಪ್ತ ಗೆಳತಿ. ಜೊತೆಗೆ ಬಂದು ಅದನ್ನೇ ಹೇಳು ಎಂದೆ.

"ಬಿಡೇ, ವಯಸ್ಸಾದವ್ರು. ಇಶ್ಯೂ ಮಾಡ್ಬೇಡ."

"ನೀನೇ ತಾನೇ ಕೇಳಿಸ್ಕೊಂಡಿದ್ದು?"

"ಹೌದು. ಆದ್ರೆ ನನ್ನ ಹೆಸ್ರು ತರ್ಬೇಡ, ಪ್ಲೀಸ್."

ಸಹಿ ಮಾಡಲು ಬಾರದ ಹೆಂಗಸರು ಆ ಕೋರ್ಟಿನ ಹೆಬ್ಬಾಗಿಲು ದಾಟಿ ಹೋಗಿ, ಕೇಳಿದ್ದನ್ನು ಹೇಳಿ, ಸಹಿಯ ಜಾಗದಲ್ಲಿ ಗೀಟು ಎಳೆದು ಬಂದಿದ್ದನ್ನು ದಿನಾ ಓದುವವಳು ನಾನು. ಇವಳ ಮುಖ ನೋಡಿ ಮೈಯೆಲ್ಲ ಉರಿಯಿತು.

ಒಬ್ಬಳೇ ಹೋದೆ. ಆಂಟಿ ಬಾಗಿಲಲ್ಲೇ ಕೈ ಹಿಡಿದುಕೊಂಡರು. "ಸಾರಿ ಕಣಮ್ಮ, ಯಾರೋ ಅಂದ್ರು, ನಾನೂ ಅಂದೆ. ಒಳಗ್ ಬಾ, ಕಾಫಿ ಮಾಡ್ತೀನಿ."

"ಕಾಫಿ ಬೇಡ ಆಂಟಿ. ಎಲ್ಲರ ಮುಂದೆ ಅಂದಿದ್ದೀರಿ, ಎಲ್ಲರ ಮುಂದೆ ವಾಪಸ್ ತಗೊಳ್ಳಿ. ಯುಗಾದಿ ಪಾಟ್‌ಲಕ್‌ನಲ್ಲಿ. ಇಲ್ಲಾಂದ್ರೆ ನಾನೇ ಎದ್ದು ನಿಂತು ಕೇಳ್ತೀನಿ."

ಉಪ್ಪು ತಿಂದವರು ನೀರು ಕುಡಿಯಲೇಬೇಕು. ಯುಗಾದಿಯ ದಿನ, ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವಾಗ, ಆಂಟಿ ಪೇಪರ್ ಪ್ಲೇಟ್ ಹಿಡಿದುಕೊಂಡೇ ಎದ್ದು ನಿಂತರು. "ಈ ಹುಡುಗಿ ಬಗ್ಗೆ ನಾನು ಹೇಳಿದ್ದು ಸುಳ್ಳು. ತಪ್ಪಾಯ್ತು," ಎಂದು ಅತ್ತುಬಿಟ್ಟರು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ.

ತಕ್ಷಣ ಹತ್ತು ಜನ ಅವರಿಗೆ ಕುರ್ಚಿ ಎಳೆದರು, ನೀರು ತಂದರು. ನನ್ನ ಬಳಿ ಬಂದವಳು ಅದೇ ಗೆಳತಿ. "ಎಂಥಾ ಕಲ್ಲು ಮನಸ್ಸೇ ನಿಂದು. ತಾಯಿ ವಯಸ್ಸಿನವರನ್ನ ಅಳಿಸಿದ್ಯಲ್ಲ," ಎಂದಳು. ನನ್ನ ಚಿತ್ರಾನ್ನವನ್ನು ಯಾರೂ ಮುಟ್ಟಲಿಲ್ಲ. ಟ್ರೇ ಹಾಗೇ ಕಾರಿಗೆ ಬಂತು.

ದಾರಿಯಲ್ಲಿ ಹಿಂದಿನ ಸೀಟಿನಿಂದ ಮಗಳು ಕೇಳಿದಳು. "ಆಂಟಿ ಸಾರಿ ಹೇಳಿದ್ರಲ್ಲ ಅಮ್ಮ. ಸೋ ವೈ ಆರ್ ದೇ ಮ್ಯಾಡ್ ಅಟ್ ಅಸ್?"

ಹಳೆಯ ಕಾಗದಗಳಲ್ಲಿ ಪಾದ್ರಿಯ ಸಹಿ ಕಂಡಾಗಲೆಲ್ಲ ನಾನು ನನ್ನ ನೋಟ್ಸ್‌ನಲ್ಲಿ 'ಗೆದ್ದಳು' ಎಂದು ಬರೆದುಕೊಳ್ಳುತ್ತಿದ್ದೆ. ಆ ಸಹಿಯಾದ ಮೇಲೆ ದೂರು ಕೊಟ್ಟವಳ ಬಗ್ಗೆ ಒಂದು ಅಕ್ಷರವೂ ಸಿಗುವುದಿಲ್ಲ. ಮಾರನೆಯ ಭಾನುವಾರ ಚರ್ಚಿನಲ್ಲಿ ಅವಳ ಪಕ್ಕದಲ್ಲಿ ಯಾರು ಕೂತರು ಎಂದು ಯಾರೂ ಬರೆದಿಟ್ಟಿಲ್ಲ. ಬರೆಯುವುದು ಬೇಕಿಲ್ಲ, ನನಗೀಗ ಗೊತ್ತು.